ಅತ್ತೂರಿನಿಂದ ತಂದ ನೀರು

ತೇರದಾಳದವನಿಗೆ ಕಾರ್ಕಳಕ್ಕೆ ವರ್ಗವಾದರೆ ಮೊದಲು ಎದುರಾಗುವುದು ಮಳೆ, ಆಮೇಲೆ ಮೀನಿನ ವಾಸನೆ. ಅವೆರಡಕ್ಕೂ ಒಗ್ಗಿಕೊಂಡ ಮೇಲೆ ಅತ್ತೂರು. ‘ಸಾಂತ್‌ಮಾರಿಗೆ ಹೋಗಿ ಬಂದಿರಾ?’ ಎಂದು ಒಬ್ಬರಾದ ಮೇಲೆ ಒಬ್ಬರು ಕೇಳತೊಡಗಿದಾಗ ಇದು ಯಾವುದೋ ಮಾರಿಹಬ್ಬವಿರಬೇಕೆಂದು ನಾನು ತಿಳಿದುಕೊಂಡಿದ್ದೆ. ಅದು ಸಂತ ಲಾರೆನ್ಸರ ಇಗರ್ಜಿಯ ಜಾತ್ರೆ ಎಂಬುದು ಗೊತ್ತಾದದ್ದು ಪಕ್ಕದ ಮನೆಯ ಬಾಯಿಯವರಿಂದ. ಆ ಕಡೆ ಕೊಂಕಣಿ ಕ್ರೈಸ್ತ ಹೆಂಗಸರನ್ನು ‘ಬಾಯಿ’ ಎಂದೇ ಕರೆಯುವುದು ರೂಢಿ. ನಮ್ಮವ್ವ ಬಂದಾಗ ಅವರನ್ನು ಮೊದಲ ದಿನವೇ ‘ಬಾಯಾರ’ ಎಂದು ಕರೆದಳು. ನಮ್ಮ ಸೀಮೆಯಲ್ಲಿ ಸಾಲೆ ಕಲಿಸುವ ಹೆಂಗಸರಿಗೆ ಸಲ್ಲುವ ಮರ್ಯಾದೆ ಅದು. ಇಬ್ಬರಿಗೂ ಸರಿಹೋಯಿತು.

ಅವ್ವ ಬಂದದ್ದು 1996ರ ಜನವರಿಯಲ್ಲಿ. ಕಾರ್ಕಳದಲ್ಲಿ ಅವಳಿಗೆ ತೋರಿಸಲು ಮೊದಲು ಸಿಕ್ಕವನು ಗೊಮ್ಮಟ. ವೀರಪಾಂಡ್ಯ 1432ರಲ್ಲಿ ನಿಲ್ಲಿಸಿದ ಆ 42 ಅಡಿಯ ಮೂರ್ತಿಯನ್ನು ಅವಳು ಕತ್ತೆತ್ತಿ ನೋಡಿ, ‘ನಮ್ಮೂರ ಬಸ್ತಿ ದೇವ್ರ ಅಣ್ಣ ಏನ ಇಂವಾ?’ ಎಂದಳು. ತೇರದಾಳದಲ್ಲಿ ಗೊಂಕರಸ ಕಟ್ಟಿಸಿದ ನೇಮಿನಾಥ ಬಸದಿಯಿದೆ, 1123ರ ಶಾಸನವಿದೆ. ಅದರ ನೆರಳಲ್ಲಿ ಬೆಳೆದು, ಅಲ್ಲಮಪ್ರಭುವಿನ ಗುಡಿಗೆ ನಡೆದುಕೊಳ್ಳುವ ಹೆಂಗಸಿಗೆ ಗೊಮ್ಮಟ ಹೊಸಬನಲ್ಲ. ಲಾರೆನ್ಸ್ ಮಾತ್ರ ಹೊಸಬ.

ಅತ್ತೂರು ಕಾರ್ಕಳದಿಂದ ನಾಲ್ಕೈದು ಕಿಲೋಮೀಟರು, ಪರ್ಪಲೆ ಗುಡ್ಡದ ಬುಡದಲ್ಲಿ. 1784ರಲ್ಲಿ ಟಿಪ್ಪು ಸುಲ್ತಾನ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಇಲ್ಲಿಯ ಇಗರ್ಜಿಯೂ ಹಾಳಾಯಿತು. 1799ರಲ್ಲಿ ಸುಲ್ತಾನ ಬಿದ್ದ ಮೇಲೆ ಉಳಿದವರು ಮರಳಿ ಬಂದರು. ಹೊಸ ಇಗರ್ಜಿಗೆ ಜಾಗ ಹುಡುಕುತ್ತ ಸಂತರ ಮೂರ್ತಿಯನ್ನು ಹೊತ್ತು ತಿರುಗುತ್ತಿದ್ದವರು ದಣಿದು ಒಂದು ನೀರಿನ ಸೆಲೆಯ ಬಳಿ ಅದನ್ನು ಇಳಿಸಿದರಂತೆ. ಮತ್ತೆ ಎತ್ತಲು ಹೋದರೆ ಮೂರ್ತಿ ಅಲುಗಲಿಲ್ಲ. ಇಲ್ಲಿಯೇ ಕಟ್ಟುತ್ತೇವೆಂದು ಪಾದ್ರಿಗಳು ಮಾತು ಕೊಟ್ಟ ಮೇಲೆ ಹಗುರಾಯಿತು. ಆ ಸೆಲೆಯೇ ಈಗಿನ ಪುಷ್ಕರಿಣಿ. ಬಾಯಿಯವರು ಇದನ್ನು ಹೇಳಿದಾಗ ಅವ್ವ, ‘ಎಲ್ಲಾ ದೇವ್ರೂ ಹಂಗ. ಕುಂತಲ್ಲಿಂದ ಏಳಂಗಿಲ್ಲ’ ಎಂದಳು. ನಮ್ಮ ಕಡೆ ಇಂಥ ಕಥೆಯಿಲ್ಲದ ಗುಡಿ ಇದ್ದರೆ ಅದು ಹೊಸದಾಗಿ ಕಟ್ಟಿದ್ದೇ ಇರಬೇಕು.

ಸಂತರ ದಿನ ಪಂಚಾಂಗದ ಪ್ರಕಾರ ಆಗಸ್ಟ್ 10. ಆಗ ಕರಾವಳಿಯಲ್ಲಿ ಮೇಣದಬತ್ತಿ ಹೊತ್ತಿಸುವುದಿರಲಿ, ಬೆಂಕಿಕಡ್ಡಿ ಗೀರುವುದೇ ಕಷ್ಟ. ಅತ್ತೂರಿನ ದೊಡ್ಡ ಹಬ್ಬ ಜನವರಿಯ ಕೊನೆಯ ಭಾಗದಲ್ಲಿ ನಡೆಯುತ್ತದೆ, ಹಲವು ದಿನ. ಕೊಂಕಣಿ, ಕನ್ನಡ ಎರಡರಲ್ಲೂ ಪೂಜೆ. ಗದ್ದೆಯುದ್ದಕ್ಕೂ ಅಂಗಡಿ, ತೊಟ್ಟಿಲು, ಚರುಮುರಿ, ಬಳೆ. ಹಿಂದೂಗಳು, ಜೈನರು, ಮುಸಲ್ಮಾನರು ಎಲ್ಲರೂ ಬರುತ್ತಾರೆ. ಹರಕೆ ಹೊತ್ತವರು ಒಂದೊಂದು ಮೇಣದಬತ್ತಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಒಂದು ಗ್ಲಾಸು ಕಬ್ಬಿನ ಹಾಲಿಗೆ ಅಂಗಡಿಯವನು ಹೇಳಿದ ದರ ಕೇಳಿ ತೇರದಾಳದ ಕಬ್ಬಿನ ಹೊಲದವಳಾದ ಅವ್ವ ಅವನ ಜೊತೆ ಜಗಳಕ್ಕೇ ನಿಂತಳು. ಅವನು ತುಳುವಿನಲ್ಲಿ, ಇವಳು ತೇರದಾಳದ ಕನ್ನಡದಲ್ಲಿ. ಗೆದ್ದವರು ಯಾರೆಂದು ಇಬ್ಬರಿಗೂ ತಿಳಿಯಲಿಲ್ಲ.

ಚಿತ್ರಪಟದ ಅಂಗಡಿಯ ಮುಂದೆ ಅವಳು ನಿಂತಳು. ಪಟದಲ್ಲಿ ಮೀಸೆ ಮೂಡದ ಹುಡುಗನಂಥ ಸಂತ, ಒಂದು ಕೈಯಲ್ಲಿ ಗರಿ, ಇನ್ನೊಂದರಲ್ಲಿ ಕಬ್ಬಿಣದ ಸರಳುಗಳ ಚೌಕಟ್ಟು.

‘ಕೈಯಾಗ ಏನದು? ಏಣಿ ಏನ?’

ನಾನು ಸುಮ್ಮನಿದ್ದೆ. ನನಗೆ ಗೊತ್ತಿತ್ತು. ಬಾಯಿಯವರಿಗೆ ನನ್ನ ಮೌನದ ಕಾರಣ ಗೊತ್ತಿರಲಿಲ್ಲ. ಅವರು ಭಕ್ತಿಯಿಂದ ಹೇಳಿದರು.

‘ಏಣಿ ಅಲ್ಲ ಅಮ್ಮಾ, ಅವರನ್ನು ಅದರ ಮೇಲೆ ಮಲಗಿಸಿ ಕೆಳಗೆ ಕೆಂಡ ಹಾಕಿದ್ದು.’

ಕಥೆ ಹೀಗಿದೆ. ವಲೇರಿಯನ್ ಚಕ್ರವರ್ತಿಯ ಕಾಲ, ಕ್ರಿ.ಶ. 258. ರೋಮಿನ ಪೋಪ್ ಎರಡನೆಯ ಸಿಕ್ಸ್ಟಸ್‌ನನ್ನು ಆಗಸ್ಟ್ 6ರಂದು ಕೊಂದರು. ಅವನ ಕೈಕೆಳಗಿನ ಡೀಕನ್ ಲಾರೆನ್ಸ್. ಚರ್ಚಿನ ಹಣ, ಬಡವರ ಊಟ ಅವನ ಲೆಕ್ಕದಲ್ಲಿತ್ತು. ಚರ್ಚಿನ ಸಂಪತ್ತನ್ನು ತಂದೊಪ್ಪಿಸು ಎಂದ ಅಧಿಕಾರಿಯ ಬಳಿ ಮೂರು ದಿನ ಕಾಲ ಕೇಳಿದ. ಇದ್ದದ್ದನ್ನೆಲ್ಲ ಹಂಚಿಬಿಟ್ಟು, ಕುರುಡರು, ಕುಂಟರು, ವಿಧವೆಯರು, ಭಿಕ್ಷುಕರನ್ನು ಸಾಲಾಗಿ ಕರೆತಂದು ನಿಲ್ಲಿಸಿ, ಸಂಪತ್ತು ಇದೇ ಎಂದ. ಅಧಿಕಾರಿ ಅವನನ್ನು ಕೆಂಡದ ಮೇಲೆ ಹುರಿಯಲು ಹೇಳಿದ. ಈ ಕಡೆ ಬೆಂದಾಯಿತು, ಮಗ್ಗುಲು ಹೊರಳಿಸಿ ಎಂದು ಸಂತ ನಗುತ್ತ ಹೇಳಿದನಂತೆ. ಹಾಗಾಗಿ ಬಡವರಿಗೂ ಅಡುಗೆಯವರಿಗೂ ಅವನು ರಕ್ಷಕ. ಆಗಸ್ಟ್ ನಡುವಿನ ಉಲ್ಕೆಗಳನ್ನು ಯುರೋಪಿನವರು ಅವನ ಕಣ್ಣೀರು ಎನ್ನುತ್ತಾರೆ. ಅವನ ದಿನದಂದು ಯುದ್ಧ ಗೆದ್ದ ಸ್ಪೇನಿನ ದೊರೆಯೊಬ್ಬ ಅವನ ಹೆಸರಿನಲ್ಲಿ ಅರಮನೆಯನ್ನೇ ಕಟ್ಟಿಸಿದ.

ಕುರುಡರು ಕುಂಟರ ತನಕ ಅವ್ವ ತಲೆದೂಗುತ್ತಿದ್ದಳು. ‘ದಾಸೋಹ ಮಾಡಾಂವ’ ಎಂದಳು. ಮಗ್ಗುಲು ಹೊರಳಿಸುವ ಮಾತಿಗೆ ಬಾಯಿಯವರು ಮೆಲ್ಲಗೆ ನಕ್ಕರು, ಅದನ್ನು ಹೇಳುವ ರೀತಿಯೇ ಹಾಗೆ. ಅವ್ವನ ಮುಖ ಬಿಗಿಯಿತು.

ನನ್ನ ಚಿಗವ್ವ, ಅವ್ವನ ತಂಗಿ, ಮದುವೆಯಾದ ನಾಲ್ಕನೆಯ ವರ್ಷ ಸುಟ್ಟು ಸತ್ತಳು. ಸ್ಟೋ ಹೊಡೆಯಿತು ಎಂದು ಗಂಡನ ಮನೆಯವರು ಹೇಳಿಕಳಿಸಿದರು. ಮಿರಜಿಗೆ ಒಯ್ಯುವ ದಾರಿಯಲ್ಲೇ ಜೀವ ಹೋಯಿತು. ಆ ಮನೆಯಲ್ಲಿ ಅಡುಗೆ ಒಲೆಯ ಮೇಲೆ ಆಗುತ್ತಿತ್ತು. ಸ್ಟೋ ಇದ್ದದ್ದನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಅಜ್ಜ ಪೊಲೀಸರ ಬಳಿ ಹೋಗಲಿಲ್ಲ. ಇನ್ನೂ ಇಬ್ಬರು ಹೆಣ್ಣುಮಕ್ಕಳ ಮದುವೆಯಾಗಬೇಕಿತ್ತು. ಅವ್ವ ಮಣ್ಣಿಗೆ ಹೋಗಿ ಬಂದವಳು ಆ ಊರಿಗೆ ಮತ್ತೆ ಕಾಲಿಡಲಿಲ್ಲ. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ, ನಾನೂ ಎತ್ತಲಿಲ್ಲ. ಓದಿದ ಮಗ ನಾನು. ಕೇಳಬಹುದಿತ್ತು.

ಬಾಯಿಯವರು ಒಂದು ಮೇಣದಬತ್ತಿ ಕೊಂಡು ಅವ್ವನ ಕೈಗಿತ್ತರು. ಸಾಲು ಮುಂದೆ ಸರಿಯಿತು. ದೀಪಗಳ ಹತ್ತಿರ ಬಂದಾಗ ಕಾವು ಮುಖಕ್ಕೆ ಹೊಡೆಯಿತು. ಅವ್ವ ಬತ್ತಿಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

‘ಬೆಂಕ್ಯಾಗ ಬೆಂದಾಂವಗ ಮತ್ತ ಬೆಂಕಿನ ಕೊಡೂದ? ಅವಂಗ ನೀರ ಕೊಡ್ರಿ ಬಾಯಾರ.’

ಬಾಯಿಯವರು ಬೇಸರಪಟ್ಟುಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಅವ್ವನ ಮುಖ ನೋಡಿ, ಕೈ ಹಿಡಿದು ಪುಷ್ಕರಿಣಿಯ ಕಡೆ ಕರೆದೊಯ್ದರು. ಅಲ್ಲಿ ಜನ ತೀರ್ಥದಂತೆ ನೀರು ಒಯ್ಯುತ್ತಾರೆ. ಅವ್ವ ಒಂದು ಬಾಟಲಿ ತುಂಬಿಕೊಂಡಳು. ದಾರಿಯಲ್ಲಿ ಇಬ್ಬರೂ ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ನಾನು ಹಿಂದೆ ಬೀಳುತ್ತಿದ್ದೆ, ಬೇಕೆಂದೇ.

ಬಹಳ ವರ್ಷಗಳ ಮೇಲೆ ಓದಿದ್ದೊಂದು. ವಲೇರಿಯನ್ನನ ಆಜ್ಞೆಯಲ್ಲಿದ್ದದ್ದು ಪಾದ್ರಿಗಳನ್ನೂ ಡೀಕನ್ನರನ್ನೂ ಕೂಡಲೇ ಕೊಲ್ಲಬೇಕೆಂದು. ಸಿಕ್ಸ್ಟಸ್‌ನಂತೆ ಲಾರೆನ್ಸನ ತಲೆಯನ್ನೂ ಕಡಿದಿರಬೇಕೆಂದು ಕೆಲವು ವಿದ್ವಾಂಸರ ಊಹೆ. ಲ್ಯಾಟಿನ್ನಿನಲ್ಲಿ ‘ಪಾಸ್ಸುಸ್ ಎಸ್ಟ್’ ಎಂದರೆ ಹಿಂಸೆ ಉಂಡನು ಎಂದರ್ಥ. ನಕಲು ಮಾಡುವವನು ಮೊದಲಿನ ಒಂದಕ್ಷರ ಬಿಟ್ಟರೆ ಅದು ‘ಆಸ್ಸುಸ್ ಎಸ್ಟ್’, ಹುರಿಯಲ್ಪಟ್ಟನು. ಒಂದಕ್ಷರದ ಕೈತಪ್ಪಿನಿಂದ ಕೆಂಡ, ಸರಳು, ಮಗ್ಗುಲ ಮಾತು ಎಲ್ಲ ಹುಟ್ಟಿರಬಹುದಂತೆ. ಆದರೆ ನಾಲ್ಕನೆಯ ಶತಮಾನದ ಹೊತ್ತಿಗೇ ಮಿಲಾನಿನ ಸಂತ ಆಂಬ್ರೋಸ್ ಬೆಂಕಿಯ ಕಥೆ ಹೇಳಿದ್ದಾನೆ. ಓದಿದಾಗ ಅವ್ವನಿಗೆ ಹೇಳಬೇಕೆನಿಸಿತು: ಅಂವಾ ಬೆಂದಿಲ್ಲಂತ ಬೇ. ಹೇಳಲು ಅವಳಿರಲಿಲ್ಲ. ಇದ್ದಿದ್ದರೆ, ‘ಅವಂದ ಬರದಾರ, ತಪ್ಪರ ಬರೀಲಿ. ಅಕೀದು ಯಾರ ಬರದಾರ?’ ಎನ್ನುತ್ತಿದ್ದಳೋ ಏನೋ.

2016ರಲ್ಲಿ ಅತ್ತೂರಿಗೆ ಕಿರು ಬೆಸಿಲಿಕದ ಪದವಿ ಬಂದಾಗ ನಾನು ಊರಲ್ಲಿದ್ದೆ. ಪತ್ರಿಕೆ ಓದಿ ಹೇಳಿದಾಗ ತಮ್ಮ ಒಂದು ಸಂಗತಿ ಹೇಳಿದ, ಆವರೆಗೆ ನನಗೆ ಗೊತ್ತಿರದದ್ದು. 1996ರಲ್ಲಿ ಕಾರ್ಕಳದಿಂದ ಮರಳಿದ ವಾರದಲ್ಲೇ ಅವ್ವ ಅವನನ್ನು ಜೊತೆಗೆ ಕರಕೊಂಡು ಚಿಗವ್ವನ ಊರಿಗೆ ಹೋಗಿದ್ದಳು. ಆ ಮನೆಯ ಬಾಗಿಲ ಮುಂದೆಯೇ ಹಾದು, ಯಾರನ್ನೂ ಮಾತಾಡಿಸದೆ, ಊರ ಹೊರಗಿನ ಗೋರಿಯ ಮೇಲೆ ಬಾಟಲಿಯ ನೀರನ್ನೆಲ್ಲ ಸುರಿದು, ಖಾಲಿ ಬಾಟಲಿ ಹಿಡಿದುಕೊಂಡು ಮುಂದಿನ ಬಸ್ಸಿಗೇ ಮರಳಿದಳಂತೆ.

‘ಯಾವ ದೇವ್ರ ನೀರ ಬೇ ಅಂತ ಕೇಳಿದ್ನಿ. ನಮ್ಮಕೀ ದೇವ್ರದು ಅಂದ್ಳು’ ಎಂದ ತಮ್ಮ.

ಅವಳ ಟ್ರಂಕಿನಲ್ಲಿ, ಮದುವೆಯ ಇಳಕಲ್ಲ ಸೀರೆಯ ಕೆಳಗೆ, ಆ ಮೇಣದಬತ್ತಿ ಇತ್ತು. ತೇರದಾಳದ ಬಿಸಿಲಿಗೆ ಬಿಲ್ಲಿನಂತೆ ಬಾಗಿತ್ತು. ಬತ್ತಿಯ ತುದಿ ಇನ್ನೂ ಬಿಳಿಯದೇ.