ಶಿಯಾ ಮರದ ನೆರಳಿನಲ್ಲಿ

ಘಾನಾ ದೇಶದ ಉತ್ತರಕ್ಕೆ, ತಮಾಲೆ ಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ ಮೇ ತಿಂಗಳೆಂದರೆ ಕಣಜ ಬರಿದಾಗುವ ಕಾಲ. ಶಿಯಾ ಹಣ್ಣು ಉದುರುವುದೂ ಆಗಲೇ. ಬೆಳಕು ಹರಿಯುವ ಮೊದಲೇ ಹೆಂಗಸರು ಆಯಲು ಹೊರಡುತ್ತಾರೆ. ಹುಲ್ಲಿನಲ್ಲಿ ಹಾವಿನ ಭಯ ಬೇರೆ. ನಮ್ಮ ಹಿಪ್ಪೆ, ಸಪೋಟ ಮರಗಳ ಬಳಗದ್ದೇ ಈ ಮರ.

ಬೀಜ ಬೇಯಿಸಿ, ಒಣಗಿಸಿ, ಒಡೆದು, ಹುರಿದು ಅರೆಯಬೇಕು. ಆ ಕಂದು ಹಿಟ್ಟಿಗೆ ನೀರು ಬೆರೆಸಿ ತೋಳು ಸೋಲುವವರೆಗೆ ಕಲಸಿದರೆ ಕೊಬ್ಬು ನೊರೆಯಂತೆ ಮೇಲೇಳುತ್ತದೆ. ಕಾಯಿಸಿ ಸೋಸಿದರೆ ಬೆಣ್ಣೆ. ಅಡುಗೆಗೂ ಅದೇ, ಮೈಗೆ ಹಚ್ಚಲೂ ಅದೇ.

ಚಾಕೊಲೇಟು, ಕ್ರೀಮು ತಯಾರಿಸುವ ದೇಶಗಳಿಗೆ ಬೀಜವೇ ಮೂಟೆಗಟ್ಟಲೆ ಹೋದರೆ ಈ ತೋಳುಗಳ ದುಡಿಮೆಗೆ ಬೆಲೆಯೆಲ್ಲಿ? 2025ರ ಆಗಸ್ಟ್‌ನಲ್ಲಿ ನೈಜೀರಿಯ ಕಚ್ಚಾ ಬೀಜದ ರಫ್ತನ್ನು ಆರು ತಿಂಗಳು ನಿಷೇಧಿಸಿದ್ದು ಇದಕ್ಕೇ. ಆದರೆ ಬೀಜ ಮಾರಿಯೇ ಅಂದಿನ ಕಾಳು ಕೊಳ್ಳುವವಳಿಗೆ, ಕೊಳ್ಳುವ ವ್ಯಾಪಾರಿ ಕಡಿಮೆಯಾದರೆ ಮೂಟೆಯ ಬೆಲೆಯೂ ಇಳಿಯುತ್ತದೆ.