ಬೆಚ್ಚನೆಯ ಬಟ್ಟೆ ಹೊರಗಿರಲಿ

ಡಿಸೆಂಬರಿನಲ್ಲಿ ರಾಯಚೂರಿನಿಂದ ದೇವದುರ್ಗಕ್ಕೆ ನಸುಕಿನ ಬಸ್ಸು ಹತ್ತಿದ್ದೀರಾ? ಕಿಟಕಿಯ ಗಾಳಿಗೆ ಮೈ ನಡುಗುತ್ತದೆ. ಹನ್ನೊಂದಕ್ಕೆಲ್ಲ ಬಿಸಿಲು ಚುರುಗುಟ್ಟುತ್ತದೆ. ಒಮ್ಮೆ ನಮ್ಮ ಅಮ್ಮಿ ಬುರ್ಖಾದ ಒಳಗೆ ದಪ್ಪ ಸ್ವೆಟರ್ ಹಾಕಿಕೊಂಡು ಹೊರಟರು. ತುಂಬಿದ ಬಸ್ಸಿನಲ್ಲಿ ಅದನ್ನು ತೆಗೆಯುವುದಾದರೂ ಹೇಗೆ? ದೇವದುರ್ಗದ ಕೆಲಸ ಮುಗಿಸಿ ಮಾನ್ವಿ ತಲುಪುವಷ್ಟರಲ್ಲಿ ತಲೆಸುತ್ತಿ ಕುಸಿದರು.

ಅಂದಿನಿಂದ ನಮ್ಮದು ಬೇರೆಯೇ ಕ್ರಮ. ಒಳಗೆ ಸಡಿಲವಾದ ಹತ್ತಿಯ ಸಲ್ವಾರ್ ಕಮೀಜ್, ಮೇಲೆ ತೆಳುವಾದ ಬುರ್ಖಾ, ಎಲ್ಲಕ್ಕಿಂತ ಹೊರಗೆ ಉಣ್ಣೆಯ ಶಾಲು. ಬಿಸಿಲೇರಿದೊಡನೆ ಶಾಲು ಚೀಲ ಸೇರುತ್ತದೆ, ಪರದೆಗೂ ತೊಂದರೆಯಿಲ್ಲ. ಹತ್ತಿ ಬೆವರನ್ನು ಹೀರುತ್ತದೆ ನಿಜ, ಆದರೆ ಒದ್ದೆಯಾದರೆ ಬೇಗ ಒಣಗದು. ರಾಯಚೂರಿನ ಕೋಟೆಬೆಟ್ಟ ಏರಿ ಬೆವರಿದವರು ಸಂಜೆಯ ಗಾಳಿಗೆ ಮುಂಚೆ ಕಮೀಜ್ ಬದಲಿಸಿದರೆ ಒದ್ದೆ ಬಟ್ಟೆಯಲ್ಲಿ ನಡುಗಬೇಕಿಲ್ಲ. ಅದಕ್ಕೆ ಇನ್ನೊಂದು ಜೊತೆ ಬಟ್ಟೆ ಸಾಕು. ನಾಲ್ಕು ಜೊತೆ ತುಂಬುತ್ತೀರಿ, ಮಗುವನ್ನೂ ಎತ್ತಿಕೊಳ್ಳಬೇಕು, ಚೀಲ ಹೊರುವವರು ಯಾರು?

ಮಾನ್ವಿಯ ಕಾಲುವೆ ಬಯಲಿನ ಭತ್ತದ ಗದ್ದೆಗಳ ಬಳಿ ಮುಂಜಾವಿನ ಚಳಿಯಲ್ಲಿ ತೇವವೂ ಇರುತ್ತದೆ. ಅಲ್ಲಿ ಉಳಿದ ರಾತ್ರಿ, ಮಧ್ಯಾಹ್ನ ನಮಾಝಿಗೆ ಹಾಸಿದ್ದ ಅದೇ ಶಾಲು ಮಗುವಿನ ಹೊದಿಕೆಯಾಯಿತು.