ಗೋಡೆಯ ಮೇಲಿನ ಕೋವಿ

ಕೊಡಗಿನಿಂದ ಬಂದ ಅಕ್ಕತಂಗಿಯರಾದ ನಮ್ಮಿಬ್ಬರನ್ನು ಬೋರ್ಡಿಂಗಿನ ಗೆಳತಿಯರು ಮೊಟ್ಟಮೊದಲು ಕೇಳಿದ್ದು ಇದನ್ನೇ: “ನಿಮ್ಮ ಮನೆಯಲ್ಲಿ ಕೋವಿ ಉಂಟಂತೆ; ನಿಮಗೆ ಕಳ್ಳರ ಭಯವೇ ಇಲ್ಲವಲ್ಲ?” ಆಗ ನಾವು ನಕ್ಕು ಸುಮ್ಮನಾದೆವು. ಈ ಸಂಚಿಕೆಯ ನಿಮಿತ್ತವಾಗಿ ಉತ್ತರವನ್ನು ಬರೆಯುತ್ತೇವೆ. ತಡವಾದದ್ದನ್ನು ಅವರು ಕ್ಷಮಿಸಲಿ.

ಕೈಲ್ ಪೊಳ್ದ್ ಹಬ್ಬದಂದು ನಮ್ಮವರು ಕೋವಿಗೆ ತೋಕ್ ಪೂವನ್ನು ಮುಡಿಸಿ ಪೂಜಿಸುವರು. ಗಂಡು ಕೂಸು ಹುಟ್ಟಿದರೆ ಒಂದು ಗುಂಡು, ಸಾವಾದರೆ ಒಂದರ ಹಿಂದೊಂದು ಎರಡು ಗುಂಡು ಹಾರಿಸಿ ನೆರೆಯವರಿಗೆ ತಿಳಿಸುವದು ರೂಢಿ. (ನಾವು ಹುಟ್ಟಿದಾಗ ಎರಡು ಸಲವೂ ಮದ್ದು ಉಳಿಯಿತೆಂದು ಅಜ್ಜಿಯವರು ಹೇಳುತ್ತಿದ್ದರು.) 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನರ ಕಾಲದಲ್ಲಿ ದೊರೆತ ಲೈಸೆನ್ಸಿನ ವಿನಾಯಿತಿಯನ್ನು ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೇಂದ್ರ ಸರಕಾರವು 2019ರಲ್ಲಿ ಪುನಃ ಹತ್ತು ವರುಷಕ್ಕೆ ಮುಂದುವರಿಸಿತು.

ಒಂದು ಆಟಿ ತಿಂಗಳ ರಾತ್ರಿ ತಂದೆಯವರು ಊರಲ್ಲಿರಲಿಲ್ಲ. ಮಳೆಯು ಹೆಂಚನ್ನು ಒಡೆಯುವಂತೆ ಸುರಿಯುತ್ತಿತ್ತು, ದೀಪಗಳು ಆರಿದ್ದವು. ನಾಯಿ ಬೊಗಳಿತು. ಕಣದಲ್ಲಿ ಯಾರೋ ನಡೆದು ಬರುವದು ಕಾಣಿಸಿತು. ಅವ್ವ ಜೋಡುನಳಿಗೆಯ ಕೋವಿಯನ್ನು ಇಳಿಸಿ ತೋಟಾ ತುಂಬಿದರು. “ಯಾರದು?” ಎಂದು ಮೂರು ಸಲ ಕೂಗಿದರು. ಉತ್ತರವಿಲ್ಲ. ಆ ಆಕೃತಿಯು ಮೆಟ್ಟಲ ಹತ್ತಿರಕ್ಕೆ ಬಂತು. ಅವ್ವನ ಬೆರಳು ಟ್ರಿಗರಿನ ಮೇಲೆ ಇದ್ದದ್ದನ್ನು ನಾವು ಕಣ್ಣಾರೆ ಕಂಡೆವು. ಆಗ ನಮ್ಮಲ್ಲಿ ಚಿಕ್ಕವಳು, ಯಾರ ಅಪ್ಪಣೆಯೂ ಇಲ್ಲದೆ, ಟಾರ್ಚನ್ನು ಹೊತ್ತಿಸಿದಳು.

ಲೈನು ಮನೆಯ ಹೆಂಗಸು! ಗೊರಬೆಯಡಿಯಲ್ಲಿ ಕೂಸನ್ನು ಅವುಚಿಕೊಂಡಿದ್ದಳು. “ಅಮ್ಮಾ, ಮಗುವಿಗೆ ಉಸಿರು ಕಟ್ಟುತ್ತದೆ” ಎಂದಳು. ನಮ್ಮ ಕೂಗು ಅವಳಿಗೂ ಅವಳ ಕೂಗು ನಮಗೂ ಮಳೆಯಲ್ಲಿ ಕೇಳಿಸಿರಲಿಲ್ಲ.

ರಾತ್ರಿಯಲ್ಲಿ ಮನೆಯನ್ನು ಒಡೆದು ನುಗ್ಗುವವನ ಪ್ರಾಣಕ್ಕೆ ಹಾನಿಯಾದರೂ ಆತ್ಮರಕ್ಷಣೆಯೆಂದು ಕಾನೂನು ಒಪ್ಪುವದುಂಟು. 1860ರ ದಂಡಸಂಹಿತೆಯಲ್ಲಿದ್ದ ಈ ಹಕ್ಕು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೆಯ ಕಲಮುಗಳಲ್ಲಿದೆ. ಆದರೆ ಅವಶ್ಯಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡಲಾಗದೆಂಬ ಕಟ್ಟೂ ಅಲ್ಲಿಯೇ ಇದೆ. ಆ ಹೆಂಗಸು ಬಾಗಿಲನ್ನು ಮುಟ್ಟಿರಲೂ ಇಲ್ಲ.

ಅವ್ವ ಕೈನಡುಗುತ್ತಲೇ ಅಂಗಳಕ್ಕಿಳಿದು ಆಕಾಶಕ್ಕೆ ಒಂದು ಗುಂಡು ಹಾರಿಸಿದರು. ಜೀಪಿದ್ದ ನೆರೆಮನೆಯ ಮಾವನವರು ಕಾಲುಗಂಟೆಯೊಳಗೆ ಬಂದು, “ಏನಮ್ಮಾ, ಈ ಮನೆಯಲ್ಲಿ ಹೆರುವವರು ಯಾರು?” ಎಂದರು. ನಗುವದಕ್ಕೆ ಯಾರಿಗೂ ಪುರಸತ್ತಿರಲಿಲ್ಲ. ಬೆಳಗಾಗುವಷ್ಟರಲ್ಲಿ ಕೂಸು ಆಸ್ಪತ್ರೆಯಲ್ಲಿ ನೆಟ್ಟಗೆ ಉಸಿರಾಡುತ್ತಿತ್ತು. ಅದು ಹೆಣ್ಣು ಕೂಸು.

ಮರುದಿನದಿಂದ ತೋಟಾಗಳು ಅಕ್ಕಿಯ ಪೆಟ್ಟಿಗೆಗೆ ಹೋದವು. ಬೀಗದ ಕೈ ಅವ್ವನ ಸೊಂಟದಲ್ಲಿ. ತಂದೆಯವರು ಕಣದ ಗೇಟಿಗೆ ಒಂದು ಗಂಟೆಯನ್ನು ಕಟ್ಟಿಸಿದರು. ಕೋವಿಯು ಗೋಡೆಯಲ್ಲಿಯೇ ಉಳಿಯಿತು. ಆ ತಾಯಿಯು ಮಾತ್ರ, ಹಗಲಾಗಲಿ ಇರುಳಾಗಲಿ, ಗಂಟೆಯನ್ನು ಬಾರಿಸಿ ತನ್ನ ಹೆಸರನ್ನು ಮೂರು ಸಲ ಕೂಗದೆ ಒಳಗೆ ಕಾಲಿಟ್ಟವಳಲ್ಲ.